ಒಂದೇ ಒಲೆ, ಇಬ್ಬರ ಪಥ್ಯ

ನಡುವಯಸ್ಸು ದಾಟಿದ ನಮ್ಮ ಸಂಸಾರಗಳಲ್ಲಿ ಈಗ ತೀರ ಸಾಮಾನ್ಯವಾಗಿಬಿಟ್ಟಿರುವ ಒಂದು ಪ್ರಸಂಗವುಂಟು. ಪತಿಯೋ ಪತ್ನಿಯೋ, ಅಂಗಾಲು ಉರಿಯುತ್ತದೆಂದೋ, ಕನ್ನಡಕದ ನಂಬರು ನಿಲ್ಲುತ್ತಿಲ್ಲವೆಂದೋ, ಅಥವಾ ಹಲ್ಲು ಕೀಳಿಸುವುದಕ್ಕೆ ಮುಂಚೆ ವೈದ್ಯರು ಕೇಳಿದರೆಂಬ ಕಾರಣದಿಂದಲೋ ರಕ್ತಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. 'ಶುಗರ್ ಬಂದಿದೆಯಂತೆ' ಎಂಬ ಮಾತಿನೊಡನೆ ಮನೆಗೆ ಮರಳುತ್ತಾರೆ. ಅವರ ಕೈಯಲ್ಲಿರುವ ಚೀಟಿಯಲ್ಲಿ, ಮಾತ್ರೆಗಳ ಹೆಸರೆಲ್ಲ ಮುಗಿದ ಮೇಲೆ, ಕಟ್ಟಕಡೆಗೆ, 'ಊಟದಲ್ಲಿ ಪಥ್ಯ, ದಿನಾ ವಾಕಿಂಗ್' ಎಂಬ ಒಂದು ಸಾಲಿರುತ್ತದೆ. ಮಾತ್ರೆಗೆ ಹೊತ್ತುಂಟು, ಪ್ರಮಾಣವುಂಟು. ಈ ಸಾಲಿಗೆ ಎರಡೂ ಇಲ್ಲ. ಅದನ್ನು ದಿನಚರಿಯಾಗಿ ಪರಿವರ್ತಿಸುವ ಹೊಣೆ, ಯಾರೂ ಹೇಳದಿದ್ದರೂ, ಜೊತೆಯಲ್ಲಿ ಬಾಳುವವರ ಹೆಗಲ ಮೇಲೆ ಬಂದು ಕೂರುತ್ತದೆ.

ನಮ್ಮ ಮನೆಯಲ್ಲಿ ಆ ಹೊಣೆ ನನ್ನದಾಯಿತು. ಮೊದಲ ಆರು ತಿಂಗಳು ನಾನು ಅದನ್ನು ನಿರ್ವಹಿಸಿದ ರೀತಿ ಆದ್ಯಂತವಾಗಿ ತಪ್ಪಾಗಿತ್ತು. ಆಯುಷ್ಯದ ಬಹುಭಾಗವನ್ನು ಲೆಕ್ಕಪತ್ರಗಳ ತನಿಖೆಯಲ್ಲಿ ಸವೆಸಿದವನಾದುದರಿಂದ, ಸಕ್ಕರೆಯ ಡಬ್ಬಿಯನ್ನು ಅಟ್ಟಕ್ಕೇರಿಸಿದೆ, ಹಬ್ಬದ ಉಂಡೆಗಳನ್ನು ಎಣಿಸಿಟ್ಟೆ, ನನ್ನಾಕೆ ಎರಡನೆಯ ಸಲ ಅನ್ನಕ್ಕೆ ಕೈನೀಡಿದರೆ ಕೆಮ್ಮಿದೆ. ಉಂಡೆಗಳ ಲೆಕ್ಕವೇನೋ ತಾಳೆಯಾಗುತ್ತಿತ್ತು; ರಕ್ತದ ಸಕ್ಕರೆಯ ಲೆಕ್ಕ ಮಾತ್ರ ಪ್ರತಿ ಪರೀಕ್ಷೆಯಲ್ಲೂ ಏರುತ್ತಲೇ ಹೋಯಿತು. ಆಕೆ ಪಕ್ಕದ ಮನೆಯ ಅಡುಗೆಕೋಣೆಯಲ್ಲಿ, ನನ್ನ ಕೆಮ್ಮು ಕೇಳಿಸದಷ್ಟು ದೂರದಲ್ಲಿ, ನೆಮ್ಮದಿಯಾಗಿ ತಿನ್ನುತ್ತಿದ್ದಳೆಂಬುದು ಆಮೇಲೆ ತಿಳಿಯಿತು. ಕೇಳಿದ್ದಕ್ಕೆ, ದನಿಯನ್ನು ಸ್ವಲ್ಪವೂ ಏರಿಸದೆ, 'ರೀ, ಆಡಿಟ್ ಮಾಡಿದ್ದಕ್ಕೆ ಸರ್ಕಾರ ನಿಮಗೆ ಪೆನ್ಷನ್ ಕೊಡ್ತಾ ಇದೆಯಲ್ಲ, ಇನ್ನೂ ಯಾಕೆ ಮಾಡ್ತೀರಿ?' ಎಂದಳು.

ಸಿಟ್ಟು ಇಳಿದ ಮೇಲೆ ಆಕೆಯ ಮಾತೇ ಸರಿಯೆಂದು ತೋರಿತು. ಕಾಯಿಲೆ ಒಬ್ಬರ ರಕ್ತದಲ್ಲಿದ್ದರೂ ಮನೆಯ ಒಲೆ ಇಬ್ಬರದು, ಊಟದ ಹೊತ್ತು ಇಬ್ಬರದು, ಸಂಜೆಯೂ ಇಬ್ಬರದು. ಆದುದರಿಂದ ಸಹಾಯ ಮಾಡಹೊರಟವರು ಮನುಷ್ಯರನ್ನು ತಿದ್ದುವ ಕೆಲಸವನ್ನು ಬದಿಗಿಟ್ಟು ಒಲೆಯನ್ನೂ ಎಲೆಯನ್ನೂ ಗಡಿಯಾರವನ್ನೂ ತಿದ್ದಿಕೊಳ್ಳುವುದು ಮೇಲು. 'ಪಥ್ಯ' ಎಂಬ ಶಬ್ದದೊಳಗಿರುವುದು 'ಪಥ', ಎಂದರೆ ದಾರಿ. ದಾರಿಗೆ ಹಿತವಾದದ್ದು ಪಥ್ಯ. ನಾವು ಅದನ್ನು ಮನೆಯಲ್ಲಿ ಒಬ್ಬರಿಗೆ ಮಾತ್ರ ವಿಧಿಸಿದ ಶಿಕ್ಷೆಯ ಅರ್ಥಕ್ಕೆ ಇಳಿಸಿದ್ದೇವೆ.

ರೋಗವೇನೋ ಪುರಾತನವಾದದ್ದೇ. ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಇದಕ್ಕೆ ಮಧುಮೇಹವೆಂದು ಹೆಸರಿಟ್ಟ ನಮ್ಮ ಪ್ರಾಚೀನ ವೈದ್ಯರು ಜವೆಗೋಧಿಯ ಆಹಾರವನ್ನೂ ವ್ಯಾಯಾಮವನ್ನೂ ವಿಧಿಸಿದ್ದರು. ಹೊಸದಾದುದು ಅದರ ವ್ಯಾಪ್ತಿ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆ. ಇಲ್ಲಿ ಹೇಳಹೊರಟಿರುವುದೆಲ್ಲ ಎರಡನೆಯ ಬಗೆಯ ಮಧುಮೇಹವನ್ನು ಕುರಿತದ್ದು. ಹೆಚ್ಚಾಗಿ ಎಳೆವಯಸ್ಸಿನಲ್ಲಿ ಕಾಣಿಸಿಕೊಂಡು ಇನ್ಸುಲಿನ್ ಇಲ್ಲದೆ ಜೀವಿಸಲಾಗದ ಮೊದಲನೆಯ ಬಗೆಯ ವಿಚಾರ ಬೇರೆ.

ಅನ್ನಕ್ಕೂ ನಡಿಗೆಗೂ ಏನು ಸಂಬಂಧ

ಆರೋಗ್ಯವಂತರ ದೇಹದ ಐದು ಲೀಟರಿನಷ್ಟು ರಕ್ತದಲ್ಲಿ, ಬೆಳಗಿನ ಬರಿಹೊಟ್ಟೆಯ ವೇಳೆಯಲ್ಲಿ, ಕರಗಿರುವ ಸಕ್ಕರೆಯನ್ನೆಲ್ಲ ಒಟ್ಟುಗೂಡಿಸಿದರೆ ಸುಮಾರು 5 ಗ್ರಾಂ ಆದೀತು. ಎಂದರೆ ಒಂದು ಟೀ ಚಮಚ. ತಟ್ಟೆತುಂಬ ಅನ್ನ ಉಂಡಾಗ ಅರವತ್ತು ಎಪ್ಪತ್ತು ಗ್ರಾಂ ಪಿಷ್ಟವು ಜೀರ್ಣಗೊಂಡು, ಸಕ್ಕರೆಯಾಗಿ ಮಾರ್ಪಟ್ಟು, ಈ ಒಂದು ಚಮಚದ ಸ್ಥಳಕ್ಕೇ ಬಂದಿಳಿಯುತ್ತದೆ. ರಕ್ತವು ಸರಕು ಸಾಗುವ ಬೀದಿ. ಉಗ್ರಾಣವಿರುವುದು ಯಕೃತ್ತಿನಲ್ಲಿ, ಅದಕ್ಕಿಂತ ವಿಶಾಲವಾಗಿ ಸ್ನಾಯುಗಳಲ್ಲಿ. ಸ್ನಾಯುಗಳ ಬಾಗಿಲನ್ನು ತೆರೆಯತಕ್ಕ ಕೀಲಿಕೈಯೇ ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್. ಎರಡನೆಯ ಬಗೆಯ ಮಧುಮೇಹದಲ್ಲಿ ಬಾಗಿಲುಗಳು ಬಿಗಿದುಕೊಂಡು ಕೀಲಿಗೆ ಸುಲಭವಾಗಿ ಬಗ್ಗುವುದಿಲ್ಲ. ಗ್ರಂಥಿಯು ಹೆಚ್ಚುಹೆಚ್ಚಾಗಿ ಕೀಲಿಗಳನ್ನು ತಯಾರಿಸಿ ತಯಾರಿಸಿ ವರ್ಷಾಂತರದಲ್ಲಿ ದಣಿಯುತ್ತದೆ. ಸರಕು ಬೀದಿಯಲ್ಲೇ ನಿಲ್ಲುತ್ತದೆ.

ಮಾತ್ರೆಯ ಹೊರತಾಗಿ ಮನೆಯವರ ಕೈಯಲ್ಲಿರುವ ಉಪಾಯಗಳು, ಹೀಗೆ ನೋಡಿದರೆ, ಎರಡೇ. ಸರಕಿನ ಗಾಡಿಗಳು ಕಡಮೆಯಾಗಿಯೂ ನಿಧಾನವಾಗಿಯೂ ಬರುವಂತೆ ಮಾಡುವುದು ಒಂದು. ಅದು ಊಟದ ಕೆಲಸ. ಬಾಗಿಲುಗಳನ್ನು ಇನ್ನೊಂದು ಬಗೆಯಲ್ಲಿ ತೆರೆಯಿಸುವುದು ಎರಡನೆಯದು. ಅದು ನಡಿಗೆಯ ಕೆಲಸ. ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆ ತಾನಾಗಿಯೇ ಬಾಗಿಲು ತೆರೆದು ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಅಷ್ಟೇ ಅಲ್ಲದೆ, ದುಡಿದ ಬಳಿಕ ಒಂದೆರಡು ದಿವಸ ಇನ್ಸುಲಿನ್ನಿಗೂ ಚೆನ್ನಾಗಿ ಸ್ಪಂದಿಸುತ್ತದೆ. ಭಾನುವಾರ ಒಂದೇ ದಿನ ಎರಡು ಗಂಟೆ ನಡೆದು ಉಳಿದ ಆರು ದಿನ ಕುರ್ಚಿಯಲ್ಲಿ ಕುಳಿತರೆ ಪ್ರಯೋಜನವಾಗದಿರುವುದಕ್ಕೆ ಕಾರಣ ಇದೇ.

ಮಾಡತಕ್ಕದ್ದು

1. ಮೊದಲು ಕೇಳಿ. 'ನಾನೇನು ಮಾಡಿದರೆ ಅನುಕೂಲ, ಏನು ಮಾಡಿದರೆ ಕಿರಿಕಿರಿ' ಎಂಬ ಪ್ರಶ್ನೆಯನ್ನು, ಊಟದ ಹೊತ್ತನ್ನು ಬಿಟ್ಟು, ಬೇರೆ ಯಾವಾಗಲಾದರೂ ಕೇಳಿ, ಉತ್ತರವನ್ನು ತಿದ್ದದೆ ಒಪ್ಪಿಕೊಳ್ಳಿ. ನಾನು ಏನೇನೋ ಘನವಾದ ಉತ್ತರವನ್ನು ನಿರೀಕ್ಷಿಸಿದ್ದೆ. ನನ್ನಾಕೆ ಕೇಳಿದ್ದು ಎರಡು: ನೆಂಟರ ಮುಂದೆ ತನ್ನ ಶುಗರಿನ ಅಂಕಿಯನ್ನು ಹೇಳಕೂಡದು. ದಿನವೂ ತರಕಾರಿ ಹೆಚ್ಚಿಕೊಡಬೇಕು. ಎರಡನೆಯದರ ಮಹತ್ತ್ವ ಈಳಿಗೆಮಣೆಯ ಮುಂದೆ ಕುಳಿತ ಮೇಲೆ ತಿಳಿಯಿತು. ಅನ್ನ ಕಡಮೆ ಮಾಡಿ ಪಲ್ಯ ಹೆಚ್ಚು ತಿನ್ನಿರೆಂದು ಉಪದೇಶಿಸುವವರಾರೂ, ಅನ್ನವು ಕುಕ್ಕರಿನಲ್ಲಿ ತಾನಾಗಿ ಬೇಯುತ್ತದೆ, ಹುರುಳಿಕಾಯಿಯು ಮಾತ್ರ ತಾನಾಗಿ ಹೆಚ್ಚಿಕೊಳ್ಳುವುದಿಲ್ಲ ಎಂಬುದನ್ನು ಯೋಚಿಸಿರುವುದಿಲ್ಲ.

2. ಮನೆಗೊಂದೇ ಅಡುಗೆ. ಒಬ್ಬರಿಗೆ ಒಣ ಚಪಾತಿ, ಎದುರಿಗೆ ಕುಳಿತವರಿಗೆ ಬಿಸಿಬೇಳೆ ಭಾತು ಎಂಬ ಏರ್ಪಾಡು ಹದಿನೈದು ದಿನದ ಮೇಲೆ ನಿಲ್ಲುವುದಿಲ್ಲ. ಇಬ್ಬರೂ ಒಂದೇ ಅಡುಗೆ ಉಣ್ಣುವುದು ತ್ಯಾಗವೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ನಡೆಸಿದ ವಿಶ್ಲೇಷಣೆಯೊಂದರಂತೆ, ಮಧುಮೇಹಿಯ ಬಾಳಸಂಗಾತಿಗೆ ಅದೇ ರೋಗ ಬರುವ ಸಂಭವ ಉಳಿದವರಿಗಿಂತ ಶೇಕಡಾ 26ರಷ್ಟು ಹೆಚ್ಚು; ಒಂದೇ ಒಲೆಯ ಮುಂದೆ, ಒಂದೇ ಸೋಫಾದ ಮೇಲೆ ಬಾಳುವವರಿಗೆ ಇದು ಆಶ್ಚರ್ಯವಾಗಬೇಕಾಗಿಲ್ಲ. ರೋಗದ ಹೊಸ್ತಿಲಲ್ಲಿದ್ದ ಭಾರತೀಯರಲ್ಲಿ ಆಹಾರ ವ್ಯಾಯಾಮಗಳ ಬದಲಾವಣೆಯಿಂದ ರೋಗದ ಸಂಭವ ಶೇಕಡಾ 28.5ರಷ್ಟು ತಗ್ಗಿತೆಂದು ಚೆನ್ನೈಯ ವೈದ್ಯರು 2006ರಲ್ಲಿ ಪ್ರಕಟಿಸಿದರು.

3. ಎಲೆಯ ಕ್ರಮದಲ್ಲೇ ಉಣ್ಣಿ. ಬಾಳೆಲೆಯ ಊಟದಲ್ಲಿ ಅನ್ನಕ್ಕಿಂತ ಮುಂಚೆ ಬಂದು ಕೂರುವುದು ಕೋಸಂಬರಿ ಮತ್ತು ಪಲ್ಯ; ನಾವು ಅವನ್ನು ಎಲೆಯ ಅಲಂಕಾರವೆಂದು ಭಾವಿಸಿ, ಅನ್ನ ಸಾರು ಬರುವವರೆಗೆ ಕೈಕಟ್ಟಿ ಕುಳಿತು, ಆಮೇಲೆ ನಂಚಿಕೊಳ್ಳಲು ಉಳಿಸಿಕೊಳ್ಳುತ್ತೇವೆ. ಬಡಿಸುವವರ ಕ್ರಮವನ್ನೇ ಉಣ್ಣುವವರೂ ಅನುಸರಿಸಿದರೆ ಸಾಕು. ನಾರನ್ನೂ ಪ್ರೋಟೀನನ್ನೂ ಮುಂಚೆ ತಿಂದರೆ ಹೊಟ್ಟೆ ನಿಧಾನವಾಗಿ ಬರಿದಾಗುತ್ತದೆ, ಅನ್ನದ ಸಕ್ಕರೆ ರಕ್ತಕ್ಕೆ ನುಗ್ಗುವ ವೇಗ ತಗ್ಗುತ್ತದೆ. ತಿಂದ ಪದಾರ್ಥಗಳು ಅವೇ ಆಗಿದ್ದರೂ ಊಟದ ನಂತರದ ಅಂಕಿ ಇಳಿಯುತ್ತದೆ.

ಪ್ರಮಾಣವನ್ನು ಹೀಗಿಟ್ಟುಕೊಳ್ಳಬಹುದು. ತಟ್ಟೆಯ ಅರ್ಧಭಾಗ ಪಲ್ಯ, ಸೊಪ್ಪು, ಕೋಸಂಬರಿ. ಕಾಲುಭಾಗ ಕಾಳು, ಗಟ್ಟಿಬೇಳೆಯ ಹುಳಿ, ಅಥವಾ ಮೀನು ಮೊಟ್ಟೆ ಕೋಳಿ. ಉಳಿದ ಕಾಲುಭಾಗದಲ್ಲಿ ಮಾತ್ರ ಅನ್ನ, ಮುದ್ದೆ, ರೊಟ್ಟಿ, ಚಪಾತಿ ಇವುಗಳಲ್ಲಿ ಯಾವುದಾದರೊಂದು. 'ಒಂದು' ಎಂಬ ಮಾತಿಗೆ ಒತ್ತು ಕೊಟ್ಟು ಓದಬೇಕು. ಎರಡು ಚಪಾತಿಯಾದ ಮೇಲೆ 'ಸ್ವಲ್ಪ ಮೊಸರನ್ನ' ಎನ್ನುವುದು ನಮ್ಮಲ್ಲಿ ಹುಟ್ಟುಗುಣ. ಆಲೂಗೆಡ್ಡೆಯ ಪಲ್ಯ ಪಲ್ಯವಲ್ಲ, ಅದನ್ನು ಅನ್ನದ ಲೆಕ್ಕಕ್ಕೆ ಸೇರಿಸತಕ್ಕದ್ದು. ಅನ್ನಕ್ಕೆ ಒಂದು ಬಟ್ಟಲನ್ನು ಗೊತ್ತುಮಾಡಿಕೊಂಡು ಇಬ್ಬರೂ ಅದರಲ್ಲೇ ಅಳೆದುಕೊಂಡರೆ ಯಾರೂ ಯಾರನ್ನೂ ನೋಡಿ ಕೆಮ್ಮಬೇಕಾಗುವುದಿಲ್ಲ. ಹೊಸ ಅಡುಗೆಗಳನ್ನು ಕಲಿಯುವ ಅಗತ್ಯವೂ ಇಲ್ಲ: ಸೊಪ್ಪು ಕಾಳುಗಳ ಬಸ್ಸಾರಿನೊಡನೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಮುದ್ದೆ, ಒಂದು ಜೋಳದ ರೊಟ್ಟಿಗೆ ಎರಡು ಬಗೆಯ ಕಾಳುಪಲ್ಯ ಮತ್ತು ಹಸಿ ಮೆಂತ್ಯದ ಪಚಡಿ, ಕರಾವಳಿಯ ಬಸಳೆ, ಹುರುಳಿಯ ಸಾರು, ಇವೆಲ್ಲ ಮಧುಮೇಹದ ಊಟಗಳೇ, ಕೆಟ್ಟಿದ್ದು ಪ್ರಮಾಣ ಮಾತ್ರ.

4. ತಿಂಡಿಯ ಕಡೆ ಗಮನವಿರಲಿ. ಮಧ್ಯಾಹ್ನದ ಊಟವನ್ನು ತಿದ್ದಿದವರೂ ಬೆಳಗಿನ ಚಿತ್ರಾನ್ನವನ್ನು ಮರೆತಿರುತ್ತಾರೆ. ಇಡ್ಲಿ, ಅವಲಕ್ಕಿ, ಉಪ್ಪಿಟ್ಟು, ಶ್ಯಾವಿಗೆ ಇವುಗಳಲ್ಲೆಲ್ಲ ಪಿಷ್ಟವೇ ಪ್ರಧಾನ, ನಾರು ನಾಮಮಾತ್ರ. ಹೆಸರುಬೇಳೆಯ ದೋಸೆ, ಕಾಳಿನ ಉಸಲಿ, ರವೆಯಷ್ಟೇ ತರಕಾರಿ ಬೆರೆತ ಉಪ್ಪಿಟ್ಟು, ತಿನ್ನುವವರಿಗೆ ಒಂದು ಮೊಟ್ಟೆ, ಇಷ್ಟು ಸಾಕು.

5. ಕಾಫಿಯ ಸಕ್ಕರೆಯನ್ನು ಒಂದೇ ದಿನ ನಿಲ್ಲಿಸಬೇಡಿ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆರಡು ಚಮಚವೆಂದರೆ ಮೂವತ್ತೈದು ನಲವತ್ತು ಗ್ರಾಂ ಸಕ್ಕರೆಯಾಯಿತು. ವಾರಕ್ಕೆ ಕಾಲು ಚಮಚದಂತೆ, ಇಬ್ಬರ ಲೋಟದಲ್ಲೂ, ಇಳಿಸುತ್ತ ಬನ್ನಿ. ಎರಡು ತಿಂಗಳಲ್ಲಿ ನಾಲಗೆ ತಾನಾಗಿ ಒಗ್ಗುತ್ತದೆ. ಮೊದಲ ಸಲ ಸಕ್ಕರೆಯಿಲ್ಲದ ಕಾಫಿ ಕುಡಿದಾಗ, ನಲವತ್ತು ವರ್ಷ ನಾನು ಕುಡಿದದ್ದು ಕಾಫಿಯೇ ಅಲ್ಲವೆಂದು ನನಗೆ ತೋರಿತು.

6. ಊಟವಾದೊಡನೆ ಚಪ್ಪಲಿ ಮೆಟ್ಟಿ. ವಾರಕ್ಕೆ 150 ನಿಮಿಷಗಳಷ್ಟು ಚುರುಕಾದ ನಡಿಗೆ, ನಡುವೆ ಎರಡು ದಿನಕ್ಕಿಂತ ಹೆಚ್ಚು ಬಿಡುವಿಲ್ಲದಂತೆ, ಎಂಬುದು ವೈದ್ಯರ ಸಾಮಾನ್ಯ ಸಲಹೆ. ಮಾತನಾಡಬಹುದು, ಹಾಡಲಾಗದು ಎಂಬಷ್ಟು ವೇಗವಿದ್ದರೆ ಅದು ಚುರುಕಾದ ನಡಿಗೆ. ಆದರೆ ನಡೆಯುವ ಹೊತ್ತಿಗೂ ಬೆಲೆಯುಂಟು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು ಮಧುಮೇಹಿಗಳಲ್ಲಿ ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದಂತೆ, ದಿನಕ್ಕೊಮ್ಮೆ 30 ನಿಮಿಷ ನಡೆಯುವುದಕ್ಕಿಂತ ಮೂರು ಊಟಗಳ ತರುವಾಯ ಹತ್ತು ಹತ್ತು ನಿಮಿಷ ನಡೆದರೆ ಊಟದ ನಂತರದ ಸಕ್ಕರೆ ಸರಾಸರಿ ಶೇಕಡಾ 12ರಷ್ಟು ಕಡಮೆಯಿತ್ತು. ರಾತ್ರಿಯ ಊಟದ ಬಳಿಕ ಶೇಕಡಾ 22ರಷ್ಟು. ಉಂಡ ಕೂಡಲೆ ಟಿವಿಯ ಮುಂದೆ ಕೂರುವವರಿಗೆ ಇದಕ್ಕಿಂತ ಅಗ್ಗದ ಔಷಧವಿಲ್ಲ. 'ನೀನು ಹೋಗಿ ಬಾ' ಎಂದರೆ ಯಾರೂ ಹೋಗುವುದಿಲ್ಲ. ಹೊರಟು ಬಾಗಿಲಲ್ಲಿ ನಿಂತವರೊಡನೆ ಹೋಗುತ್ತಾರೆ. ನಾವು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಮಾಡಿಕೊಂಡಿರುವ ಕಟ್ಟಳೆಯೊಂದೇ: ದಾರಿಯಲ್ಲಿ ಕಾಯಿಲೆಯ ಮಾತಿಲ್ಲ.

7. ಬಲದ ವ್ಯಾಯಾಮ. ಉಗ್ರಾಣ ದೊಡ್ಡದಾದಷ್ಟೂ ಸರಕು ಹೆಚ್ಚು ಹಿಡಿಯುತ್ತದೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ. ವಾರಕ್ಕೆ ಎರಡು ಮೂರು ದಿನ ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ನೀರು ತುಂಬಿದ ಲೀಟರ್ ಬಾಟಲಿಗಳನ್ನು ಎತ್ತಿ ಇಳಿಸುವುದು, ಇಷ್ಟು ಮನೆಯಲ್ಲೇ ಸಾಧ್ಯ.

8. ಹಬ್ಬವನ್ನು ಮುಂಚಿತವಾಗಿ ಮಾತಾಡಿಕೊಳ್ಳಿ. ಯುಗಾದಿಯ ದಿನ ಹೋಳಿಗೆ ಬೇಡವೆಂದು ಹೇಳುವ ಧೈರ್ಯ ಯಾವ ವೈದ್ಯನಿಗೂ ಇರಬೇಕಾಗಿಲ್ಲ. ಒಂದು ಹೋಳಿಗೆ ತಿನ್ನುವುದಾದರೆ ಆ ಹೊತ್ತು ಅನ್ನವಿಲ್ಲ, ಊಟವಾದ ಮೇಲೆ ಹದಿನೈದು ನಿಮಿಷದ ನಡಿಗೆಯುಂಟು, ಎಂದು ಹಿಂದಿನ ದಿನವೇ ಇಬ್ಬರೂ ನಿಶ್ಚಯಿಸಿಕೊಂಡರೆ ಪಂಕ್ತಿಯಲ್ಲಿ ಕಣ್ಸನ್ನೆಗಳ ಅವಶ್ಯಕತೆ ಬೀಳುವುದಿಲ್ಲ. ಬಡಿಸುವವರು ಒತ್ತಾಯ ಮಾಡಿದಾಗ 'ಸಾಕು' ಎನ್ನಬೇಕಾದವರು ಜೊತೆಯವರು. ಒತ್ತಾಯವೇ ಆದರವೆಂದು ತಿಳಿದ ನಮ್ಮ ಜನರ ಮುಂದೆ ರೋಗಿಯೊಬ್ಬರೇ ಹೋರಾಡುವುದು ಕಷ್ಟ.

ಸಾಮಾನ್ಯವಾಗಿ ಆಗುವ ತಪ್ಪುಗಳು

ರಾಗಿಯನ್ನು ಎಷ್ಟಾದರೂ ತಿನ್ನಬಹುದೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ಬಲವಾಗಿದೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ ಅಷ್ಟೇ ರಾಗಿಯಲ್ಲಿ 70ರ ಆಸುಪಾಸು ಇರುತ್ತದೆ. ರಾಗಿಯಲ್ಲಿ ನಾರೂ ಸುಣ್ಣದಂಶವೂ ಹೆಚ್ಚೆಂಬುದು ನಿಜ. ಆದರೆ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಅನ್ನದಷ್ಟೇ ವೇಗವಾಗಿ ಸಕ್ಕರೆಯನ್ನು ಏರಿಸಬಲ್ಲದು. ಇನ್ನು ಬೆಲ್ಲ ಮತ್ತು ಜೇನುತುಪ್ಪ: ಬಣ್ಣ ಬೇರೆ, ರಕ್ತದಲ್ಲಿ ಮಾಡುವ ಕೆಲಸ ಸಕ್ಕರೆಯದೇ. 'ಶುಗರ್‌ಫ್ರೀ' ಎಂದು ಬರೆದ ಬಿಸ್ಕತ್ತಿನಲ್ಲಿ ಮೈದಾ ಇದ್ದೇ ಇರುತ್ತದೆ. ಹಣ್ಣನ್ನು ಹಣ್ಣಾಗಿ, ಅಂಗೈಯಷ್ಟು ತಿನ್ನಬಹುದು; ರಸ ಹಿಂಡಿದರೆ ನಾರು ಹಿಂದುಳಿದು ಸಕ್ಕರೆ ಮುಂದೆ ಹೋಗುತ್ತದೆ.

ಹಾಗಲಕಾಯಿಯ ರಸವನ್ನೂ ಮೆಂತ್ಯದ ನೀರನ್ನೂ ನಂಬಿ ಮಾತ್ರೆಯನ್ನು ಬಿಡುವುದು ಇನ್ನೊಂದು ತಪ್ಪು, ಅಪಾಯಕರವಾದ ತಪ್ಪು. ಬೆಳಗ್ಗೆ ನಾಲ್ಕು ಸುತ್ತು ನಡೆದು, ನಡೆದವರೆಲ್ಲ ಸೇರಿ ಹೋಟೆಲಿಗೆ ನುಗ್ಗಿ, ಸೆಟ್ ದೋಸೆ ತಿಂದು ಮನೆಗೆ ಬರುವುದು ಮೂರನೆಯದು. ಇದರ ವಿಚಾರವಾಗಿ ಹೆಚ್ಚು ಬರೆಯದಿರುವುದು ನನಗೇ ಕ್ಷೇಮ. ಎಲ್ಲಕ್ಕಿಂತ ಕೆಟ್ಟದ್ದು, ಗ್ಲುಕೋಮೀಟರಿನ ಅಂಕಿಯನ್ನು ತೀರ್ಪಿನಂತೆ ಓದುವುದು. 210 ಬಂದಾಗ 'ಏನು ತಿಂದೆ?' ಎಂದರೆ ಮುಂದಿನ ಸಲ ಪರೀಕ್ಷೆಯೇ ನಡೆಯುವುದಿಲ್ಲ. ನಿದ್ರೆ ಕೆಟ್ಟರೂ, ಜ್ವರ ಬಂದರೂ, ಮನಸ್ಸಿಗೆ ವ್ಯಥೆಯಾದರೂ ಅಂಕಿ ಏರುತ್ತದೆ. ಆ ವ್ಯಥೆಗೆ ಕಾರಣ ಕೆಲವೊಮ್ಮೆ ಕೇಳಿದವರೇ ಆಗಿರುತ್ತಾರೆ.

ಎಚ್ಚರಿಕೆಯ ಮಾತು

ಊಟವನ್ನು ಹಿಡಿತಕ್ಕೆ ತಂದು ನಡಿಗೆಯನ್ನು ಹೆಚ್ಚಿಸಹೊರಡುವ ಮುನ್ನ ವೈದ್ಯರಿಗೆ ತಿಳಿಸತಕ್ಕದ್ದು. ಇನ್ಸುಲಿನ್, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮುಂತಾದವುಗಳನ್ನು ತೆಗೆದುಕೊಳ್ಳುವವರಲ್ಲಿ ಔಷಧದ ಪ್ರಮಾಣ ಹಿಂದಿನಷ್ಟೇ ಉಳಿದು ಊಟ ಮಾತ್ರ ಕಡಮೆಯಾದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಮೈ ಬೆವರುವುದು, ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಅಕಾರಣವಾಗಿ ಸಿಡುಕುವುದು ಇದರ ಕುರುಹುಗಳು; ಕೊನೆಯದನ್ನು ಜಗಳವೆಂದು ತಿಳಿದು ಪ್ರತಿಜಗಳಕ್ಕೆ ಇಳಿಯುವವರುಂಟು. ತಕ್ಷಣ ಮೂರು ಚಮಚ ಗ್ಲುಕೋಸನ್ನೋ ಸಕ್ಕರೆಯನ್ನೋ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಮಾತ್ರೆಯವರಿಗೆ ಸಕ್ಕರೆ ಬೇಗ ಹತ್ತುವುದಿಲ್ಲ, ಗ್ಲುಕೋಸೇ ಆಗಬೇಕು. ಪೊಟ್ಟಣವೊಂದು ನಡಿಗೆಗೆ ಹೋಗುವಾಗಲೂ ಜೇಬಿನಲ್ಲಿರಲಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಏಕಾದಶಿ, ಸಂಕಷ್ಟಹರ ಚತುರ್ಥಿಗಳ ಉಪವಾಸವನ್ನು ವೈದ್ಯರನ್ನು ಕೇಳದೆ ಮಾಡಬಾರದು. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ತೆಗೆದುಕೊಳ್ಳುವವರು ಉಪವಾಸವಿರುವುದರಿಂದಲೂ, ಪಿಷ್ಟವನ್ನು ಪೂರ್ತಿಯಾಗಿ ಬಿಡುವುದರಿಂದಲೂ ರಕ್ತ ಆಮ್ಲೀಯವಾಗುವ ಅಪಾಯವುಂಟು. ಮೂತ್ರಪಿಂಡದ ತೊಂದರೆಯಿರುವವರು ಕಾಳು ಬೇಳೆಗಳ ಪ್ರಮಾಣವನ್ನು ತಾವಾಗಿಯೇ ಹೆಚ್ಚಿಸಬಾರದು. ಕಣ್ಣಿನ ಒಳಪರದೆಗೆ ರೋಗ ತಗಲಿದವರು ಭಾರ ಎತ್ತಬಾರದು. ನಡೆಯುವಾಗ ಎದೆ ಹಿಡಿದಂತಾದರೆ ಅಲ್ಲಿಯೇ ನಿಲ್ಲಬೇಕು. ಪಾದದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಸ್ಪರ್ಶಜ್ಞಾನ ಕುಗ್ಗಿದ ಪಾದಕ್ಕೆ ದೇವಸ್ಥಾನದ ಪ್ರಾಕಾರದ ಕಾದ ಕಲ್ಲೂ ತಿಳಿಯುವುದಿಲ್ಲ, ಚಪ್ಪಲಿಯೊಳಗಿನ ಮೊಳೆಯೂ ತಿಳಿಯುವುದಿಲ್ಲ. ತಮ್ಮ ಅಂಗಾಲನ್ನು ತಾವೇ ನೋಡಿಕೊಳ್ಳುವುದು ಮಂಡಿನೋವಿನವರಿಗೆ ಕಷ್ಟ. ರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ಬೆರಳ ಸಂದಿಗಳನ್ನೂ ಹಿಮ್ಮಡಿಯನ್ನೂ ಜೊತೆಯವರು ನೋಡಲಿ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಅದಕ್ಕೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಆದುದರಿಂದ ಮೂರು ತಿಂಗಳಿಗೊಮ್ಮೆ ಅದನ್ನು ಮಾಡಿಸಿ. ಬಹುಮಂದಿಗೆ ಅದು ಶೇಕಡಾ 7ರ ಕೆಳಗಿರಬೇಕೆಂಬುದು ಗುರಿ, ವೃದ್ಧರಿಗೆ ವೈದ್ಯರು ಇದನ್ನು ಸಡಿಲಿಸುತ್ತಾರೆ. ಸಂಗಾತಿಯನ್ನು ಕರೆದುಕೊಂಡು ಹೋದಾಗ ಹೊರಗೆ ಬೆಂಚಿನ ಮೇಲೆ ಕುಳಿತು ಪತ್ರಿಕೆ ಓದುವ ಬದಲು, ಬರಿಹೊಟ್ಟೆಯಲ್ಲಿ ಹೋಗಿ, ನೀವೂ ಒಮ್ಮೆ ತೋಳು ಚಾಚಿ. ಬರಿಹೊಟ್ಟೆಯ ಸಕ್ಕರೆ 100ರ ಒಳಗಿದ್ದರೆ ಸರಿ; 126 ಮುಟ್ಟಿದರೆ ಮಧುಮೇಹ; ನಡುವಿನದು ಹೊಸ್ತಿಲು. ಉಂಡೆಗಳನ್ನು ಎಣಿಸುತ್ತಿದ್ದ ಆ ಆರು ತಿಂಗಳ ಕೊನೆಯಲ್ಲಿ ನಾನು ಮೊದಲ ಸಲ ಮಾಡಿಸಿಕೊಂಡಾಗ ನನ್ನದು 112 ಇತ್ತು.